ಕಾಗದ ಬಂತು ಎಂದರೆ

ಕರೆಂಟು ಹೋದದ್ದೇ ಒಳ್ಳೆಯದಾಯಿತೆಂದು ದಾಮೋದರನಿಗೆ ಒಂದು ಗಳಿಗೆ ಅನ್ನಿಸಿತು. ಕಂಪ್ಯೂಟರಿನ ಪರದೆ ಕಪ್ಪಾಗಿ ಅದರಲ್ಲಿ ಅವನದೇ ಮುಖ, ಮೂಗಿನ ತುದಿಗೆ ಜಾರಿದ ಕನ್ನಡಕ, ಬೆವರಿಗೆ ಹಣೆಗಂಟಿದ ನಾಲ್ಕು ಕೂದಲು ಕಂಡವು. ಕಣ್ಣಿಗೆ ಕಾಣದಿರುವಷ್ಟು ಹೊತ್ತು ಆ ಮೈಲು ನಿಜವೂ ಅಲ್ಲ, ಸುಳ್ಳೂ ಅಲ್ಲ. ಬೆನ್ನ ಹಿಂದೆ ನಿಂತಿದ್ದ ಭುವನಾ, "ಯುಪಿಎಸ್ ಬ್ಯಾಟರಿ ಸತ್ತೋಗಿದೆ ಸಾರ್, ಜನರೇಟರ್ ಹಾಕಿ ಬರ್ತೀನಿ, ಕೂತಿರಿ" ಎಂದು ಚಪ್ಪಲಿ ಎಳೆಯುತ್ತ ಹಿತ್ತಲಿಗೆ ಹೋದಳು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರಿನ ಆ ಸೈಬರ್ ಸೆಂಟರು ಅವಳದು. ಐವತ್ತಾರನೇ ವಯಸ್ಸಿನಲ್ಲಿ ವಾರಕ್ಕೆರಡು ದಿನ ಬಂದು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತ ಕಂಪ್ಯೂಟರ್ ಕಲಿಯುತ್ತಿದ್ದ ಅವನನ್ನು ನೋಡಿ ಅವಳು ಯಾವತ್ತೂ ನಕ್ಕಿರಲಿಲ್ಲ. ಇವತ್ತೂ ನಗಲಿಲ್ಲ. ಹೆಗಲ ಮೇಲಿಂದ ಬಗ್ಗಿ ನೋಡಿ, ಸ್ವಲ್ಪ ತಡೆದು, "ಸಾರ್, ಈ ಮೈಲು ಆ ಕಂಪನೀದಲ್ಲ ಅನ್ಸುತ್ತೆ" ಅಂದಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಅನ್ಸುತ್ತೆ ಅಂದಳೇ ಹೊರತು ಖಂಡಿತ ಅನ್ನಲಿಲ್ಲವಲ್ಲ ಎಂದು ಅವನು ಆ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಕೂತ.

ತೊಡೆಯ ಮೇಲಿದ್ದ ಫೈಲಿನ ರಟ್ಟು ಅಂಗೈ ಬೆವರಿಗೆ ಮೆತ್ತಗಾಗಿತ್ತು. ಫೈಲಿಲ್ಲದೆ ಅವನು ಎಲ್ಲಿಗೂ ಹೊರಡುವವನಲ್ಲ. ಗೋಣಿಬೀಡಿನ ಆಚೆಗಿರುವ ಸೀತಮ್ಮನವರ ಎಸ್ಟೇಟಿನಲ್ಲಿ ಮೂವತ್ತೊಂದು ವರ್ಷದಿಂದ ಅವನು ರೈಟರ್. ಆಳುಗಳ ಹಾಜರಿ, ಗೊಬ್ಬರದ ಚೀಟಿ, ಸರ್ಕಾರಕ್ಕೆ ಬರೆಯುವ ಅರ್ಜಿ, ಕೊನೆಗೆ ಆ ಮನೆಯ ಮದುವೆ ಕಾಗದಗಳ ಮೇಲಿನ ವಿಳಾಸವೂ ಅವನ ಕೈಬರಹದಲ್ಲೇ ಹೋಗಬೇಕು. ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಶುಕ್ರವಾರ ಬಂದ ಮೊದಲ ಮೈಲಿನ ಪ್ರಿಂಟು ಇತ್ತು. ನಿಮಗೆ ಬರಬೇಕಾದ ಏಳುನೂರೈವತ್ತು ಪೌಂಡು ಸಂದಾಯವಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದು, ತಲೆಯ ಮೇಲೆ ಇಂಟರ್ನೆಟ್ಟಿನಲ್ಲಿ ದುಡ್ಡು ದಾಟಿಸುವ ಕಂಪನಿಯ ನೀಲಿ ಗುರುತು ಹಾಕಿದ್ದ ಆ ಹಾಳೆಗೆ ಅವನು ಎರಡು ತೂತು ಹೊಡೆದು, ದಾರ ಪೋಣಿಸಿ, ಮೂಲೆಯಲ್ಲಿ ಕೆಂಪು ಶಾಯಿಯಿಂದ 'ಸ್ವೀಕರಿಸಿದೆ' ಎಂದು ಬರೆದು ತಾರೀಕು ಹಾಕಿದ್ದ. ಅವನನ್ನು ತಿದ್ದಿ ಬೆಳೆಸಿದ್ದು ಕಾಫಿ ಬೋರ್ಡಿನ ಕಾಲ. ಆಗ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಿರಲಿಲ್ಲ. ಬೆಳೆದದ್ದನ್ನು ಬೋರ್ಡಿಗೆ ಒಪ್ಪಿಸಬೇಕು, ಇಂತಿಷ್ಟು ಸಂದಾಯವೆಂದು ಬೋರ್ಡಿನಿಂದ ಕಾಗದ ಬರಬೇಕು, ದುಡ್ಡು ಆಮೇಲೆ ಕಂತು ಕಂತಾಗಿ, ಒಮ್ಮೊಮ್ಮೆ ವರ್ಷ ಕಳೆದ ಮೇಲೆ ಬರಬೇಕು. ತಡವಾಗುತ್ತಿತ್ತು, ಆದರೆ ಬಂದೇ ಬರುತ್ತಿತ್ತು. ಹಾಗಾಗಿ ಕಾಗದ ಬಂತು ಎಂದರೆ ದುಡ್ಡು ಬಂತು ಎಂದೇ ರೈಟರುಗಳ ಲೆಕ್ಕ. ಕಾಗದ ನೋಡಿ ಅನುಮಾನ ಪಡುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಶುಕ್ರವಾರ ಸಂಜೆ ಬಂಗಲೆಯ ಮೆಟ್ಟಿಲ ಹತ್ತಿರ ನಿಂತು, "ಅಮ್ಮ, ದುಡ್ಡು ಬಂತು" ಎಂದು ಅವನು ಹೇಳಿದ್ದು ಹಾಗೆಯೇ. ಸೀತಮ್ಮನವರು ಓದುತ್ತಿದ್ದ ಪೇಪರು ಮಡಿಸಿ, "ನೀವು ಹೇಳಿದ್ರೆ ಸರಿ" ಅಂದಿದ್ದರು. ಅವರು ಅವನಿಗೆ ಹೇಳುವುದೆಲ್ಲ ಹೆಚ್ಚುಕಡಿಮೆ ಅಷ್ಟೇ, ಮೂವತ್ತೊಂದು ವರ್ಷದಿಂದ.

ಆ ದುಡ್ಡು ಬರಬೇಕಾಗಿದ್ದ ವಸ್ತುವನ್ನು ಮಾರಬೇಕೆಂದು ಅವರೇನೂ ಕೇಳಿರಲಿಲ್ಲ. ಅದು ಅವರ ತೀರಿಕೊಂಡ ಯಜಮಾನರ ಅಳತೆಯ ಯಂತ್ರ, ಹಿತ್ತಾಳೆಯದು, ಮೂರು ಕಾಲಿನ ಮೇಲೆ ಕೂರಿಸಿ ಒಂದು ಕಣ್ಣು ಮುಚ್ಚಿ ನೋಡುವಂಥದ್ದು. ಎಸ್ಟೇಟಿನ ಆಳುಗಳೆಲ್ಲ ಅದನ್ನು ದುರ್ಬೀನು ಎಂದೇ ಕರೆಯುತ್ತಿದ್ದರು. ತೋಟದ ಒಂದೊಂದು ರಸ್ತೆ, ಗುಡ್ಡದ ನೀರು ಇಳಿದು ಹೋಗುವ ಒಂದೊಂದು ಚರಂಡಿ ಅದರ ಕಣ್ಣಳತೆಯಲ್ಲೇ ಆದದ್ದು. ಅದನ್ನು ಹೊತ್ತ ಯಜಮಾನರ ಹಿಂದೆ ಇಪ್ಪತ್ತೈದರ ದಾಮೋದರ ನೋಟ್‌ಬುಕ್ಕು ಹಿಡಿದು ಓಡಾಡಿದ್ದ, ಅವರು ಕೂಗಿದ ಅಂಕಿಗಳನ್ನು ಬರೆದುಕೊಂಡಿದ್ದ. ಯಜಮಾನರು ಹೋದ ಮೇಲೆ ಅದು ಬಂಗಲೆಯ ಉಗ್ರಾಣ ಸೇರಿತ್ತು. ಇಂಥದ್ದಕ್ಕೆ ಪರದೇಶದವರು ಸಾವಿರಗಟ್ಟಲೆ ಕೊಡುತ್ತಾರೆಂದು ಸೈಬರಿನಲ್ಲಿ ನೋಡಿ ಬಂದು ಹೇಳಿದವನು ಅವನೇ, ಅವರು ಒಪ್ಪಿದ ಮೇಲೆ ನೆಟ್ಟಿನಲ್ಲಿ ಮಾರಾಟಕ್ಕೆ ಹಾಕಿ ಲಂಡನ್ನಿನ ಗಿರಾಕಿಯೊಬ್ಬನನ್ನು ಹಿಡಿದವನೂ ಅವನೇ. ಯಾಕೆ ಹೇಳಿದೆ ಎಂದು ಈಗ ಕೇಳಿಕೊಂಡರೆ ಉತ್ತರ ಗೊತ್ತು, ನಾಚಿಕೆಯಾಗುತ್ತದೆ. ಯುಗಾದಿಯ ಹೊತ್ತಿಗೆ ಸೀತಮ್ಮನವರ ಮಗ ವಿವೇಕ ಆಫೀಸಿಗೆ ಬಂದು, ದಾಮೋದರನ ಉದ್ದುದ್ದ ಲೆಕ್ಕದ ಪುಸ್ತಕಗಳನ್ನು ನೋಡಿ, "ಇದೆಲ್ಲ ಇನ್ನೆಷ್ಟು ದಿನ ರೈಟರೇ, ಕಂಪ್ಯೂಟರ್ ತಂದ್ರೆ ಒಂದೇ ದಿನದ ಕೆಲಸ" ಎಂದಿದ್ದ. ಹುಡುಗ ಕೆಟ್ಟವನಲ್ಲ, ತೋಟದಲ್ಲೇ ಇದ್ದು ದುಡಿಯುತ್ತಾನೆ, ಮಾತು ಮಾತ್ರ ನೇರ. ಆ ರಾತ್ರಿ ದಾಮೋದರನಿಗೆ ಊಟ ಸೇರಲಿಲ್ಲ. ಮರುವಾರವೇ ಅವನು ಭುವನಾಳ ಸೈಬರಿಗೆ ಹೋಗಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಕೂತಿದ್ದ. ದುರ್ಬೀನು ಮಾರಿದ ದುಡ್ಡಿನಲ್ಲಿ ಆಳುಗಳು ವಾಸವಿರುವ ಲೈನುಮನೆಗಳಿಗೆ ಹೊಸ ಹಂಚು ಹಾಕಿಸೋಣ ಎಂದು ಸೀತಮ್ಮನವರು ಹೇಳಿದಾಗ ಅವನ ಕಣ್ಣೆದುರಿಗೆ ಬಂದದ್ದು ಹಂಚಲ್ಲ, ವಿವೇಕನ ಮುಖ.

ಹಿತ್ತಲಲ್ಲಿ ಜನರೇಟರು ಎರಡು ಸಲ ಕೆಮ್ಮಿ ಹೊತ್ತಿಕೊಂಡಿತು. ಭುವನಾ ಬಂದು ಪಕ್ಕದ ಸ್ಟೂಲಿನಲ್ಲಿ ಕೂತಳು. "ಮೈಲಲ್ಲಿರೋ ಲಿಂಕ್ ಒತ್ಬೇಡಿ ಸಾರ್. ನಾವೇ ಕಂಪನಿಯ ಅಡ್ರೆಸ್ ಟೈಪ್ ಮಾಡಿ ನಿಮ್ಮ ಅಕೌಂಟಿಗೆ ಹೋಗಿ ನೋಡೋಣ" ಎಂದಳು. ಅವನೇ ಟೈಪ್ ಮಾಡಿದ. ಬೆರಳು ಎರಡು ಸಲ ತಪ್ಪಿತು, ಅವಳು ಕಾದಳು. ಅಕೌಂಟು ತೆರೆದಾಗ ಅದರಲ್ಲಿ ಸೊನ್ನೆ ಇತ್ತು. ಸೊನ್ನೆಯ ಮುಂದೆ ಒಂದು ಚುಕ್ಕಿ, ಆಮೇಲೆ ಮತ್ತೆರಡು ಸೊನ್ನೆ. "ದುಡ್ಡು ಬಂದಿದ್ರೆ ಇಲ್ಲೇ ಕಾಣ್ಬೇಕಿತ್ತು ಸಾರ್. ಬರೋದಿದೆ ಅಂತಾದ್ರೂ ಇರ್ಬೇಕಿತ್ತು. ಏನೂ ಇಲ್ಲ" ಎಂದು ಅವಳು ಮತ್ತೆ ಮೈಲಿಗೆ ಬಂದು, ಕಳಿಸಿದವರ ಹೆಸರಿನ ಮೇಲೆ ಒತ್ತಿದಳು. ಕಂಪನಿಯ ಹೆಸರಿನ ಹಿಂದೆ ಅಡಗಿದ್ದ ಉದ್ದನೆಯ ವಿಳಾಸವೊಂದು ಹೊರಗೆ ಬಂತು. ಅದರ ಬಾಲದಲ್ಲಿ ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ಮೈಲಿನ ಹೆಸರಿತ್ತು. "ಇಲ್ನೋಡಿ, ನಿಮ್ಮ ಹೆಸರೇ ಬರ್ದಿಲ್ಲ, ಬರೀ ಡಿಯರ್ ಕಸ್ಟಮರ್. ಪಾರ್ಸೆಲ್ ನಂಬರ್ ಕೊಟ್ಟ ಮೇಲೇ ದುಡ್ಡು ಬಿಡ್ತೀವಿ ಅಂತ ಯಾವ ಕಂಪನೀನೂ ಹೇಳಲ್ಲ ಸಾರ್. ಗಿರಾಕಿ ಲಂಡನ್ನೋನು, ಪೆಟ್ಟಿಗೆ ಹೋಗೋದು ಬೇರೆ ಯಾವ್ದೋ ದೇಶಕ್ಕೆ. ಇದೆಲ್ಲ ನೀವು ನೋಡ್ಲಿಲ್ವ?" ನೋಡಿದ್ದ. ನೋಡಿದ್ದಷ್ಟೇ ಅಲ್ಲ, ಆ ದೇಶದ ಹೆಸರನ್ನು ಪೆಟ್ಟಿಗೆಯ ಮೇಲೆ ದುಂಡಗೆ, ತಪ್ಪಿಲ್ಲದೆ ಬರೆದಿದ್ದ.

ಇವತ್ತು ಬೆಳಿಗ್ಗೆ ಬಂದ ಎರಡನೆಯ ಮೈಲು ಇನ್ನೂ ಕೆಳಗಿತ್ತು. ಇಪ್ಪತ್ತನಾಲ್ಕು ಗಂಟೆಯೊಳಗೆ ಪಾರ್ಸೆಲ್ ನಂಬರ್ ಕಳಿಸದಿದ್ದರೆ ನಿಮ್ಮ ಹೆಸರನ್ನು ಪೊಲೀಸರಿಗೆ ಒಪ್ಪಿಸಲಾಗುವುದು, ನೀವು ಹಣ ಪಡೆದು ವಂಚಿಸಿದವರೆಂದು ದಾಖಲಾಗುವುದು. ಈ ಮೈಲು ಸುಳ್ಳೆಂದು ಈಗ ತಾನೇ ಗೊತ್ತಾಗಿದೆ, ಆದರೂ ಆ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದ. ವಂಚಿಸಿದವರು ಎಂಬ ಪದ ಸುಳ್ಳು ಮೈಲಿನಲ್ಲಿದ್ದರೂ ಅದು ಪದವೇ ಅಲ್ಲವೇ. "ಉತ್ತರ ಬರೀಲಾ? ಹೀಗ್ಹೀಗಾಯ್ತು, ದಯವಿಟ್ಟು ಕ್ಷಮಿಸಿ ಅಂತ" ಎಂದು ಕೇಳಿದ. ಭುವನಾ ಮೊದಲ ಸಲ ಗಟ್ಟಿಯಾಗಿ, "ಅಯ್ಯೋ ಮಾರಾಯ್ರೆ, ಕಳ್ಳನಿಗೆ ಕ್ಷಮೆ ಯಾಕೆ ಕೇಳ್ತೀರಿ! ಒಂದಕ್ಷರನೂ ಬರೀಬೇಡಿ" ಎಂದಳು. ಎರಡೂ ಮೈಲುಗಳನ್ನು ಅವಳೇ ನಿಜವಾದ ಕಂಪನಿಯ ವಿಳಾಸಕ್ಕೆ ಕಳಿಸಿ, ಅವನ ಪಾಸ್‌ವರ್ಡನ್ನೂ ಬದಲಾಯಿಸಿದಳು. ಆಮೇಲೆ ಮೆಲ್ಲಗೆ, "ಪೆಟ್ಟಿಗೆ ಕಳ್ಸಿಲ್ಲ ತಾನೇ ಸಾರ್?" ಅಂದಳು. ಆ ಪ್ರಶ್ನೆ ಬಂದೇ ಬರುತ್ತದೆಂದು ಅವನು ಅಷ್ಟು ಹೊತ್ತೂ ಕಾಯುತ್ತಿದ್ದ. ನೂರು ರೂಪಾಯಿಯ ನೋಟು ಮೇಜಿನ ಮೇಲಿಟ್ಟು, ಚಿಲ್ಲರೆಗೂ ಕಾಯದೆ ಎದ್ದ.

ಕೊರಿಯರ್ ಆಫೀಸು ಅದೇ ಬೀದಿಯಲ್ಲಿ, ಗೊಬ್ಬರದ ಅಂಗಡಿಯ ಮಹಡಿಯ ಮೇಲೆ. ಮೆಟ್ಟಿಲು ಹತ್ತುವಾಗ ಅವನು ಯಾವ ದೇವರನ್ನು ನೆನೆದನೋ ಅವನಿಗೇ ತಿಳಿಯದು, ಆದರೆ ಬಾಗಿಲಲ್ಲಿ ನಿಂತಾಗಲೇ ಪೆಟ್ಟಿಗೆ ಕಂಡಿತು. ಮೂಲೆಯಲ್ಲಿ, ಎರಡು ಗೋಣಿಚೀಲದ ಪಕ್ಕ, ಬಿಳಿ ಬಟ್ಟೆ ಹೊಲಿದು ಅರಗು ಹಾಕಿ ಅವನೇ ಕಟ್ಟಿದ್ದ ಪೆಟ್ಟಿಗೆ. ಶನಿವಾರ ಅವನು ತಂದುಕೊಡುವಾಗಲೇ ವ್ಯಾನು ಹೋಗಿಯಾಗಿತ್ತು, ನಿನ್ನೆ ಭಾನುವಾರ. ಆಫೀಸು ನೋಡಿಕೊಳ್ಳುವ ಚನ್ನಬಸವ ಗಡಿಯಾರ ನೋಡಿ, "ಮೂರು ಗಂಟೆ ವ್ಯಾನಿಗೆ ಹೋಗುತ್ತೆ ರೈಟರ್ ಸಾರ್, ಯೋಚ್ನೆ ಮಾಡ್ಬೇಡಿ" ಎಂದು ಸಮಾಧಾನ ಹೇಳಿದ. ಕಳಿಸುವುದು ಬೇಡ, ವಾಪಸು ಕೊಡಿ ಎಂದು ಕೇಳಿದಾಗ ಅವನ ಮುಖ ಬದಲಾಯಿತು. ಪುಸ್ತಕ ತೆರೆದು ಬೆರಳಿಟ್ಟು ತೋರಿಸಿದ. "ಕಳ್ಸಿದೋರು ಸೀತಮ್ಮನೋರು ಅಂತ ಇದೆ. ಅವ್ರು ವಾಪಸ್ ಕೊಡಿ ಅಂತ ಬರ್ದು ಸಹಿ ಹಾಕಿದ ಕಾಗದ ಬೇಕು ಸಾರ್. ನಿಮ್ಮೇಲೆ ಅನುಮಾನ ಅಂತಲ್ಲ, ಇದು ಫಾರಿನ್ ಪಾರ್ಸೆಲ್ಲು. ಇನ್ನೂ ಹನ್ನೆರಡಾಗಿಲ್ಲ, ಹೋಗಿ ತಂದ್ಬಿಡಿ."

ಹೋಗಿ ತರಬಹುದಿತ್ತು. ಗೋಣಿಬೀಡಿನ ಬಸ್ಸು ಹನ್ನೆರಡಕ್ಕೆ, ಅಲ್ಲಿಂದ ಎಸ್ಟೇಟಿನ ಗೇಟಿಗೆ ಆಟೋ, ವಾಪಸಿಗೆ ಯಾವುದಾದರೂ ಜೀಪು, ಎರಡೂವರೆಗೆ ಇಲ್ಲಿರಬಹುದು. ದಾಮೋದರ ಬಸ್ ಸ್ಟ್ಯಾಂಡಿಗೆ ಬಂದ. ಬಸ್ಸು ನಿಂತಿತ್ತು. ಕಿಟಕಿಯ ಪಕ್ಕದ ಸೀಟು ಖಾಲಿಯೂ ಇತ್ತು. ಮನಸ್ಸಿನಲ್ಲೇ ಅವನು ಬಂಗಲೆಯ ಮೆಟ್ಟಿಲ ಹತ್ತಿರ ನಿಂತು ಮಾತು ಜೋಡಿಸಿದ. ಅಮ್ಮ, ದುಡ್ಡು ಬಂತು ಅಂದೆನಲ್ಲ, ಬಂದಿಲ್ಲ. ಮುಂದೇನು ಹೇಳಬೇಕೋ ತೋಚಲಿಲ್ಲ. ಅವರು ಬೈಯುವವರಲ್ಲ, ಬೈದರೆ ಎಷ್ಟೋ ವಾಸಿ. ಸುಮ್ಮನೆ ಕೇಳುತ್ತಾರೆ, ಕೇಳಿ ಪಕ್ಕಕ್ಕೆ ನೋಡುತ್ತಾರೆ, ಪಕ್ಕದಲ್ಲಿ ವಿವೇಕ ಇರುತ್ತಾನೆ. ಹಿಂದೊಮ್ಮೆ, ತೊಂಬತ್ತನಾಲ್ಕೋ ತೊಂಬತ್ತೈದೋ, ಸೀತಮ್ಮನವರು ಸಹಿ ಹಾಕಲು ಕೂತಿದ್ದಾಗ ಬೆಂಗಳೂರಿನಿಂದ ಬಂದಿದ್ದ ನೆಂಟರೊಬ್ಬರು, ಓದದೆ ಸಹಿ ಹಾಕ್ತೀಯಲ್ಲ ಸೀತೆ ಎಂದಿದ್ದರು. ಅವರು ತಲೆ ಎತ್ತದೆ, "ದಾಮೋದರ ಓದಿದಾರಲ್ಲ, ಮತ್ತೆ ನಾನ್ಯಾಕೆ ಓದ್ಲಿ" ಎಂದು ಮುಂದಿನ ಹಾಳೆ ತಿರುಗಿಸಿದ್ದರು. ಅವತ್ತು ಮನೆಗೆ ಹೋಗಿ ಹೆಂಡತಿಗೆ ಆ ಮಾತನ್ನು ಎರಡು ಸಲ ಹೇಳಿದ್ದ. ಅವನಿಗೆ ಸಂಬಳ ಹೆಚ್ಚೇನೂ ಇರಲಿಲ್ಲ, ಇದ್ದದ್ದು ಆ ಮಾತು. ಅದನ್ನು ತನ್ನ ಬಾಯಿಂದಲೇ ಹಾಳುಮಾಡಿಕೊಳ್ಳಲು ಇಪ್ಪತ್ತು ಕಿಲೋಮೀಟರು ಹೋಗಬೇಕೇ? ಕಂಡಕ್ಟರು ಸೀಟಿ ಹೊಡೆದ. ಹತ್ತುತ್ತೀರಾ ಎಂಬಂತೆ ನೋಡಿದ. ದಾಮೋದರ ವಾಚು ನೋಡಿಕೊಂಡು, ಯಾರನ್ನೋ ಕಾಯುತ್ತಿರುವವನ ಹಾಗೆ ರಸ್ತೆಯ ಕಡೆ ತಿರುಗಿದ. ಬಸ್ಸು ಹೋಯಿತು.

ಬಸ್ಸು ಹೋದ ಮೇಲೆ ಹೆದರಿಕೆ ಕಡಿಮೆಯಾಗಬೇಕಿತ್ತು, ಹೆಚ್ಚಾಯಿತು. ಬೂತಿನಿಂದ ಫೋನ್ ಮಾಡಿದರೆ ವಿವೇಕ ಎತ್ತಬಹುದು. ಸುಮ್ಮನಿದ್ದುಬಿಟ್ಟರೆ ಮೂರು ಗಂಟೆಗೆ ವ್ಯಾನು ಹೊರಡುತ್ತದೆ, ಯಜಮಾನರು ಮುಖಕ್ಕಿಟ್ಟು ನೋಡುತ್ತಿದ್ದ ವಸ್ತು ಹೆಸರೂ ಹೇಳಲು ಬಾರದ ಊರಿಗೆ, ಯಾರೋ ಕಳ್ಳನ ಕೈಗೆ ಹೋಗುತ್ತದೆ. ಎರಡೂ ಆಗದು. ಕಾಲು ಅವನನ್ನು ಒಂದು ಹೋಟೆಲಿನೊಳಕ್ಕೆ ಕರೆದುಕೊಂಡು ಹೋಯಿತು. ಕಾಫಿ ಹೇಳಿ, ಮೂಲೆಯ ಮೇಜಿನಲ್ಲಿ ಫೈಲು ಬಿಚ್ಚಿ, ಒಂದು ಬಿಳಿ ಹಾಳೆ ತೆಗೆದ. ಪತ್ರ ಬರೆಯುವಾಗ ಅವನಿಗೆ ಯಾವತ್ತಿನಂತೆ ನೆಮ್ಮದಿಯಾಯಿತು. ತಾರೀಕು ಹದಿಮೂರು, ನವೆಂಬರು, ಎರಡು ಸಾವಿರದ ಆರು. ಮಾನ್ಯರೇ, ಶನಿವಾರ ನಿಮ್ಮಲ್ಲಿ ಕೊಟ್ಟ ಪಾರ್ಸೆಲನ್ನು ಈ ಪತ್ರ ತರುವ ನಮ್ಮ ರೈಟರ್ ದಾಮೋದರ ಅವರ ಕೈಯಲ್ಲಿ ವಾಪಸು ಕೊಡಬೇಕಾಗಿ ಕೋರಿಕೆ. ಇಷ್ಟನ್ನೂ ಅವರ ಪರವಾಗಿ ಅವನು ಬರೆಯುವವನೇ. ಎಲ್ಲ ಪತ್ರಗಳೂ ಹೀಗೆಯೇ ಆಗುವುದು. ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಕೆಳಗೆ ಇಂತಿ ಎಂದು ಬರೆದು, ಪೆನ್ನು ಮೇಜಿನ ಮೇಲಿಟ್ಟು, ಕೆನೆಗಟ್ಟಿದ ಕಾಫಿಯನ್ನು ನೋಡಿದ. ಮೂವತ್ತೊಂದು ವರ್ಷದಲ್ಲಿ ಮನಸ್ಸು ಮಾಡಿದ್ದರೆ ಎಷ್ಟು ಕಡೆ ಆ ಸಹಿ ಹಾಕಬಹುದಿತ್ತು. ಚೆಕ್ಕಿನಲ್ಲಿ, ಮರ ಕಡಿಯುವ ಅರ್ಜಿಯಲ್ಲಿ, ಬೇಕಾದಲ್ಲಿ. ಒಂದು ಸಲವೂ ಆ ಯೋಚನೆ ಬಂದಿರಲಿಲ್ಲ, ಬಂದಿಲ್ಲವೆಂಬುದೂ ಇವತ್ತೇ ಹೊಳೆದದ್ದು.

ಅವರ ಸಹಿ ಅವನಿಗೆ ಕಣ್ಣು ಕಟ್ಟಿದರೂ ಗೊತ್ತು. ಸೀ ಎಂಬುದು ನಿಧಾನಕ್ಕೆ ಏಳುತ್ತದೆ, ತ ಆದ ಮೇಲೆ ಪೆನ್ನು ಒಮ್ಮೆ ನಿಲ್ಲುತ್ತದೆ, ಕೊನೆಯ ಒತ್ತು ಗೆರೆ ದಾಟಿ ಕೆಳಗಿಳಿಯುತ್ತದೆ. ಎರಡು ವರ್ಷದಿಂದ ಅವರ ಕೈ ಸ್ವಲ್ಪ ನಡುಗುತ್ತಿತ್ತು. ದಾಮೋದರ ಆ ನಡುಕವನ್ನೂ ಹಾಕಿದ. ಹಾಕಿ ಮುಗಿದ ಮೇಲೆ ಅದನ್ನು ನೋಡಲಾಗದೆ ಹಾಳೆ ಮಗುಚಿಟ್ಟ. ಅವರ ವಯಸ್ಸನ್ನು, ಮೈಯ ನಿತ್ರಾಣವನ್ನು ಕದ್ದು ತಂದಿದ್ದೇನೆ ಅನ್ನಿಸಿತು. ಹರಿದುಹಾಕಬಹುದಿತ್ತು. ಮಾಣಿ ಬಂದು ಲೋಟ ಎತ್ತಿಕೊಳ್ಳುತ್ತ, "ಕಾಫಿ ಕುಡೀಲೇ ಇಲ್ವಲ್ಲ, ಚೆನ್ನಾಗಿಲ್ವ?" ಎಂದು ಕೇಳಿದ. ಚೆನ್ನಾಗಿದೆ ಎಂದು ಹೇಳಿ ದಾಮೋದರ ಹಾಳೆಯನ್ನು ಮಡಿಸಿ ಕವರಿಗೆ ಹಾಕಿದ. ಎಸ್ಟೇಟಿಂದ ಹೋಗಿ ಬಂದಂತೆ ಕಾಣಬೇಕಲ್ಲ, ಅದಕ್ಕೆ ಎರಡು ಗಂಟೆಯವರೆಗೆ ಊರಿನ ರಸ್ತೆಗಳಲ್ಲಿ ಅಲೆದ. ಗೋಣಿಬೀಡಿನ ಕಡೆಯಿಂದ ಬರುವ ಪ್ರತಿ ಜೀಪೂ ಎಸ್ಟೇಟಿನದೇ ಇರಬಹುದೆಂದು ಹೆದರಿ, ಒಮ್ಮೆ ಔಷಧಿ ಅಂಗಡಿಯೊಳಗೆ ನುಗ್ಗಿ ತಲೆನೋವಿನ ಮಾತ್ರೆ ತೆಗೆದುಕೊಂಡ.

ಚನ್ನಬಸವ ಕಾಗದವನ್ನು ಶನಿವಾರದ ಫಾರಮ್ಮಿನ ಪಕ್ಕದಲ್ಲಿಟ್ಟು ನೋಡಿದ. ಆ ಫಾರಮ್ಮಿಗೆ ಸೀತಮ್ಮನವರು ಬಂಗಲೆಯಲ್ಲೇ ಸಹಿ ಹಾಕಿಕೊಟ್ಟಿದ್ದರು. ಎರಡು ಸಹಿಗಳೂ ಅಕ್ಕಪಕ್ಕ ಇದ್ದವು. ದಾಮೋದರನಿಗೇ ಯಾವುದು ಯಾವುದೆಂದು ಹೇಳಲು ತಾರೀಕು ನೋಡಬೇಕಾಯಿತು. "ಸರಿಯಾಗಿದೆ ಸಾರ್" ಎಂದು ಚನ್ನಬಸವ ಹೇಳಿದಾಗ ದಾಮೋದರ ಫೈಲು ಕಂಕುಳಿಗೆ ಸೇರಿಸಿ ಪೆಟ್ಟಿಗೆಯ ಕಡೆ ನೋಡಿದ. "ಒಂದ್ಸಲ ಅಮ್ಮಾವ್ರಿಗೆ ಫೋನ್ ಮಾಡಿ ಹೇಳ್ಬಿಡ್ತೀನಿ. ಇಲ್ಲಾಂದ್ರೆ ನಾಳೆ ನಮ್ಮ ಮೇಲಿನೋರು ನನ್ನ ಹಿಡ್ಕೋತಾರೆ. ನಂಬರು ಇಲ್ಲೇ ಇದೆ." ಫಾರಮ್ಮಿನಲ್ಲಿ ಯಾರೂ ತುಂಬದೆ ಬಿಡುವ ಜಾಗವನ್ನೂ ಬಿಡದೆ, ಬಂಗಲೆಯ ಫೋನ್ ನಂಬರನ್ನು ದುಂಡಗೆ ತುಂಬಿದ್ದವನು ದಾಮೋದರನೇ. ಬೇಡ ಎನ್ನಲು ಬಾಯಿ ತೆರೆದ, ಯಾಕೆ ಬೇಡ ಎಂದು ಹೇಳಬೇಕಾಗುತ್ತದೆಂದು ಮುಚ್ಚಿದ. ಚನ್ನಬಸವ ನಂಬರು ಒತ್ತಿದ. ಅಲ್ಲಿ ಊಟದ ಮನೆಯ ಬಾಗಿಲ ಪಕ್ಕ ಫೋನು ಬಡಿದುಕೊಳ್ಳುವುದು, ಸೀತಮ್ಮನವರು ಮಂಡಿ ಹಿಡಿದು ಏಳುವುದು, ಎಲ್ಲ ಅವನಿಗೆ ಕಾಣುತ್ತಿತ್ತು. ಎತ್ತದಿರಲಿ ಎಂದು ಬೇಡಿಕೊಂಡ. ಎತ್ತಿದರು.

"ನಮಸ್ಕಾರ ಅಮ್ಮ, ಮೂಡಿಗೆರೆ ಕೊರಿಯರ್ ಆಫೀಸಿಂದ. ಪಾರ್ಸೆಲ್ ವಾಪಸ್ ಕೊಡಿ ಅಂತ ನಿಮ್ಮ ಕಾಗದ ತಂದಿದಾರೆ ರೈಟರ್ ಸಾರ್... ಹೌದಮ್ಮ, ಸಹಿ ಇದೆ... ಇವತ್ತಿನ ತಾರೀಕೇ." ಆಮೇಲೆ ಚನ್ನಬಸವ ಫೋನನ್ನು ಕಿವಿಗೊತ್ತಿಕೊಂಡು ಕೇಳಿಸಿಕೊಂಡ. ಫ್ಯಾನು ತಿರುಗುತ್ತಿತ್ತು. ದಾಮೋದರ ಕೌಂಟರಿನ ಅಂಚು ಹಿಡಿದು ನಿಂತ. ಪೊಲೀಸರು, ಮೊಕದ್ದಮೆ, ಬೀದಿಯ ಜನ ಮಹಡಿ ಹತ್ತಿ ಬರುವುದು, ಒಂದಾದ ಮೇಲೊಂದು ಕಣ್ಣಿಗೆ ಕಟ್ಟಿದವು. "ಆಯ್ತಮ್ಮ, ಅವ್ರಿಗೇ ಕೊಡ್ತೀನಿ" ಎಂದು ಚನ್ನಬಸವ ನಕ್ಕು, "ಅವ್ರೇ ಹಾಕಿದ್ದಂತೆ ಸಾರ್. ನಿಮ್ಮತ್ರ ಮಾತಾಡ್ಬೇಕಂತೆ" ಎಂದು ಫೋನನ್ನು ಅವನ ಕೈಗಿತ್ತು ಪೆಟ್ಟಿಗೆ ತರಲು ಮೂಲೆಗೆ ಹೋದ.

"ದಾಮೋದರ, ದುಡ್ಡು ಬರ್ಲಿಲ್ವ?"

"ಇಲ್ಲ ಅಮ್ಮ. ಅವತ್ತು ಬಂದಿದ್ದು ಸುಳ್ಳು ಕಾಗದ. ನಾನು ಮೋಸಹೋದೆ."

ಬೆಳಗಿನಿಂದ ಹೇಳಲಾಗದೆ ಇಟ್ಟುಕೊಂಡಿದ್ದ ಮಾತು, ಹೊರಬರಲು ಒಂದು ಉಸಿರೂ ಹಿಡಿಯಲಿಲ್ಲ. "ಹೋಗ್ಲಿ ಬಿಡಿ, ಪೆಟ್ಟಿಗೆ ಉಳೀತಲ್ಲ" ಎಂದರು ಅವರು. ಹನ್ನೆರಡು ಗಂಟೆಯ ಬಸ್ಸಿಗೆ ಹೋಗಿದ್ದರೂ ಅವರು ಹೇಳುತ್ತಿದ್ದುದು ಇಷ್ಟೇ ಎಂಬುದು ಅವನಿಗೆ ಆಗ ಗೊತ್ತಾಯಿತು. ಅಳು ಬಂದಂತಾಗಿ ಕನ್ನಡಕ ತೆಗೆದ.

"ನನ್ನ ಸಹಿ ನೀವೇ ಹಾಕಿದ್ರಲ್ಲ."

"ತಪ್ಪಾಯ್ತು ಅಮ್ಮ. ಹೆದರ್ಕೊಂಡ್ಬಿಟ್ಟೆ. ನಿಮ್ಮ ಮುಂದೆ ಬಂದು ಹೇಳೋಕೆ..."

"ಆ ಕೊರಿಯರ್ ಆಫೀಸಿನೋನಿಗೆ ಒಂಚೂರೂ ಗೊತ್ತಾಗ್ಲಿಲ್ಲ." ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಗೊಬ್ಬರ ಬಂತೇ ಎಂದು ಕೇಳುವಾಗಿನ ಧ್ವನಿಯೇ. "ಇನ್ನು ಎಲ್ಲೆಲ್ಲಿ ಹಾಕಿದೀರಿ ದಾಮೋದರ?"

"ಎಲ್ಲೂ ಇಲ್ಲ ಅಮ್ಮ. ಇದೊಂದೇ. ದೇವ್ರಾಣೆ ಇದೊಂದೇ."

ಅವನು ತನ್ನ ಜೀವಮಾನದಲ್ಲಿ ಇದಕ್ಕಿಂತ ನಿಜವಾದ ಮಾತನ್ನು ಹೇಳಿರಲಿಲ್ಲ, ಮತ್ತು ಅದಕ್ಕೆ ಲಗತ್ತಿಸಲು ಅವನ ಬಳಿ ಯಾವ ಕಾಗದವೂ ಇರಲಿಲ್ಲ. ಅವರು ನಂಬಲಿ ಎಂದು ಕಾದ. ನೀವು ಹೇಳಿದ್ರೆ ಸರಿ ಎನ್ನುತ್ತಾರೆಂದು ಕಾದ. ಚನ್ನಬಸವ ಪೆಟ್ಟಿಗೆಯನ್ನು ಕೌಂಟರಿನ ಮೇಲೆ ತಂದಿಟ್ಟು, ಅವನ ಮುಖ ನೋಡಿ, ತಿರುಗಿ ತನ್ನ ಪುಸ್ತಕದಲ್ಲಿ ಏನೋ ಬರೆಯತೊಡಗಿದ.

"ಹೂಂ" ಎಂದರು ಸೀತಮ್ಮನವರು. "ಪೆಟ್ಟಿಗೆ ಹುಷಾರಾಗಿ ತನ್ನಿ. ಬಂದ್ಮೇಲೆ ಆಫೀಸಿನ ಬೀಗದ ಕೈ ಮನೇಲಿ ಕೊಟ್ಟು ಹೋಗಿ. ವಿವೇಕ ಒಂದ್ಸಲ ಹಳೇ ಫೈಲೆಲ್ಲ ನೋಡ್ಲಿ."

"ಆಗ್ಲಿ ಅಮ್ಮ" ಎಂದ. ಅವರು ಆಗಲೇ ಫೋನು ಇಟ್ಟಾಗಿತ್ತು.